ಶೇಖಮ್ಮನ ಸುಮ್ಮನಿರದ ಕೈ

ದೋರನಹಳ್ಳಿಯ ಆ ಓಣಿಯಲ್ಲಿ ಒಳ್ಳೆಯ ಸೊಸೆ ಎಂದರೆ ಶೇಖಮ್ಮ. ‘ನಮ್ಮ ಶೇಖಮ್ಮನ ಕೈ ಒಂದು ಗಳಿಗಿ ಸುಮ್ಮನಿರಂಗಿಲ್ಲ’ ಎಂದು ಅತ್ತೆ ಮಾಳಮ್ಮ ಮನೆಮನೆಗೂ ಡಂಗುರ ಸಾರಿದ್ದಳು. ಸುಮ್ಮನಿರುತ್ತಿರಲಿಲ್ಲ, ನಿಜ. ಯಾಕೆ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ಹೊತ್ತು ಮುಳುಗಿ ಎಲ್ಲರೂ ಕಟ್ಟೆಯ ಮೇಲೆ ಕೂತು ಹರಟುವಾಗ ಅವಳ ತೋಳಿನೊಳಗೆ ಇರುವೆ ಹರಿದಾಡಿದಂತಾಗುತ್ತಿತ್ತು. ತಿಕ್ಕಿದರೆ ಹೋಗದು, ಕೆರೆದರೆ ಸಿಗದು. ಕೈ ಆಡಿಸಿದರೆ ಮಾತ್ರ ನಿಲ್ಲುತ್ತಿತ್ತು. ಅದಕ್ಕೇ ಎದ್ದುಹೋಗಿ ರೊಟ್ಟಿ ಬಡಿಯುತ್ತಿದ್ದಳು. ಮನೆಯ ಹಿಟ್ಟು ಮುಗಿದರೆ ನಾದಿನಿಯ ಮನೆಯ ಹಿಟ್ಟು ಬರುತ್ತಿತ್ತು.

“ಅತ್ತಿ, ಕೈಯಾಗ ಏನೋ ಹರದಾಡ್ತದ್ರಿ. ದವಾಖಾನಿಗಿ ಹೋಗಬೇಕ್ರಿ.”

“ದುಡಿಯೋ ಕೈಗಿ ಎಂಥಾ ಬ್ಯಾನಿ? ಹಿಡಿ, ಮಗಳ ಮನಿಗಿ ಒಂದಿಷ್ಟು ಕಟಕ ರೊಟ್ಟಿ ಬಡಿ.”

ಗಂಡ ಅಮರಪ್ಪ ಬಿಸಿ ರೊಟ್ಟಿ ಮುರಿಯುತ್ತ ನಕ್ಕ. “ಮಂದಿ ಹೆಂಡ್ರು ಕುಂತರ ಏಳಂಗಿಲ್ಲ. ನಿಂದು ಛಲೋ ಬ್ಯಾನಿ ಅದ ಬಿಡು.”

ಶೇಖಮ್ಮನ ಮೈ ಉರಿದುಹೋಯಿತು. ಛಲೋ ಬೇನೆಯಂತೆ! ತಿನ್ನುವವರಿಗೆ ಛಲೋ.

ಪಕ್ಕದ ಮನೆಯ ಇಮಾಮಬೀ ಸಕ್ಕರೆ ಕಾಯಿಲೆಯ ಗುಳಿಗೆಗೆಂದು ಶಹಾಪುರಕ್ಕೆ ಹೊರಟಾಗ, ಮನೆಯಲ್ಲಿ ಹೇಳದೆ ಕೇಳದೆ ಇವಳೂ ಬಸ್ಸು ಹತ್ತಿದಳು. ಅಲ್ಲಿಯ ಡಾಕ್ಟರಮ್ಮ ಪೂರಾ ಕೇಳಿಸಿಕೊಂಡು, ರಕ್ತ ಪರೀಕ್ಷೆ ಮಾಡಿಸಿದರು. “ಈ ಹರದಾಡೋ ಬ್ಯಾನಿ ಕಾಲಿಗಿ ಬರೋದೇ ಹೆಚ್ಚು. ಕೆಲವರಿಗಿ ಕೈಗಿ, ಹೊಟ್ಟಿಗೀನೂ ಬರ್ತದ. ಸುಮ್ಮನ ಕುಂತಾಗಲೇ ಕಾಡ್ತದ. ನಿಮ್ಮ ರಕ್ತದಾಗ ಕಬ್ಬಿಣದಂಶ ಭಾಳ ಕಡಿಮಿ ಅದ, ಅದಕ್ಕೇ ಹಿಂಗ ಜೋರಾಗಿರಬೇಕು” ಎಂದರು.

ಊರಿಗೆಲ್ಲ ರೊಟ್ಟಿ ಬಡಿದು, ಕೊನೆಗುಳಿದ ತುಣುಕು ತಿನ್ನುವವಳ ರಕ್ತದಲ್ಲಿ ಇನ್ನೇನಿರುತ್ತದೆ!

ಡಾಕ್ಟರಮ್ಮ ಕೊಟ್ಟ ಗುಳಿಗೆಗಳನ್ನು ತಪ್ಪದೆ ನುಂಗುತ್ತ ಬಂದಳು. ಹರಿದಾಟ ನಿಧಾನವಾಗಿ ಇಳಿಯಿತು. ಒಂದು ಸಂಜೆ ಹಿಟ್ಟನ್ನು ಪರಾತದಲ್ಲೇ ಬಿಟ್ಟು, ಕಟ್ಟೆಗೆ ಬಂದು, ಮಡಿಲಲ್ಲಿ ಕೈ ಇಟ್ಟು ಕೂತಳು. ಕೈ ಅಲ್ಲೇ ಸುಮ್ಮನಿದ್ದವು. ಅವಳಿಗೆ ಅಳು ಬಂತು.

ಮಾಳಮ್ಮ ಹೊರಗೆ ಬಂದವಳೇ ಗಾಬರಿಯಾಗಿ ಸೊಸೆಯ ಹಣೆ ಮುಟ್ಟಿ ನೋಡಿದಳು.

“ಅಮರಪ್ಪಾ, ಇಕಿಗಿ ಏನೋ ಆಗ್ಯಾದೋ! ಸುಮ್ಮನ ಕುಂತಾಳ. ಲಗೂನ ದವಾಖಾನಿಗಿ ಕರಕೊಂಡು ನಡಿ!”

ಅಮರಪ್ಪ ಗಾಡಿಯ ಕೀಲಿ ಹುಡುಕತೊಡಗಿದ. ಎಷ್ಟು ಅಂಗಲಾಚಿದರೂ ಸಿಗದ ದವಾಖಾನೆ, ರೊಟ್ಟಿ ನಿಂತ ದಿನ ಓಡಿ ಬಂತು!

“ಕೀಲಿ ಹುಡಕೋದು ಬಿಡ್ರಿ” ಎಂದಳು ಶೇಖಮ್ಮ. “ನಾ ಈಗ ಆರಾಮ ಆಗೇನಿ. ಹಿಟ್ಟು ಒಳಗದ. ನಿಮ್ಮ ಕೈ ಖಾಲೀನೇ ಅವಲ್ಲ, ಬಡೀರಿ.”

ಅವಳು ಕಟ್ಟೆಯಿಂದ ಏಳಲಿಲ್ಲ.