ನಮ್ಮ ಪಡಸಾಲೆಯಲ್ಲಿ ಎರಡು ದೇಶಗಳ ನಗು

ಮಧ್ಯಾಹ್ನ ಊಟವಾದ ಮೇಲೆ ನಮ್ಮ ಕ್ವಾರ್ಟರ್ಸಿನಲ್ಲಿ ಇಂಗ್ಲಿಷಿನವರು ನಗುತ್ತಿದ್ದರು. ಅಪ್ಪ ಕಾಲುವೆ ಇಲಾಖೆಯಲ್ಲಿ ವರ್ಕ್ ಇನ್ಸ್‌ಪೆಕ್ಟರ್ ಆಗಿದ್ದ. ಶಹಾಪುರದ ಹತ್ತಿರದ ಕ್ಯಾಂಪಿನಲ್ಲಿ ನಮಗೆ ಎರಡು ಕೋಣೆ, ಮುಂದೊಂದು ಪಡಸಾಲೆ, ಹಿಂದೊಂದು ಬಚ್ಚಲು ಕೊಟ್ಟಿದ್ದರು. ಸಾಲುಮನೆಗಳು. ಒಂದು ಗೋಡೆಗೆ ಎರಡು ಸಂಸಾರ. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮ್ಮಲ್ಲಿ ಸೀನು ಬರುತ್ತಿತ್ತು. ಕಾಲುವೆಗೆ ನೀರು ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ಜೋಳದ ಹೊಲಗಳು ಭತ್ತದ ಗದ್ದೆಗಳಾಗಿದ್ದವು, ಸೊಳ್ಳೆ ಹೆಚ್ಚಿದ್ದವು. ಕ್ಯಾಂಪಿಗೆ ಕೇಬಲ್ ಕೂಡ ಬಂದಿತ್ತು.

ನಾನು ಕ್ಯಾಂಪಿನ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಶಾಲೆ ಬೆಳಗಿನ ಹೊತ್ತು ಮಾತ್ರ. ಇಂಗ್ಲಿಷನ್ನೇ ತಾಯಿನುಡಿಯಾಗಿ ಆಡುವ ಒಬ್ಬರನ್ನೂ ನಾನು ಆವರೆಗೆ ಎದುರಿಗೆ ಕಂಡಿರಲಿಲ್ಲ. ಉಚ್ಚಾರ ಕಲಿಯೋಣವೆಂದು ಮಧ್ಯಾಹ್ನದ ಹೊತ್ತು ಟಿವಿಯಲ್ಲಿ ಒಂದು ಇಂಗ್ಲಿಷ್ ಚಾನೆಲ್ ಹಚ್ಚುತ್ತಿದ್ದೆ. ಒಂದರ ಹಿಂದೆ ಒಂದು ಎರಡು ಹಾಸ್ಯದ ಧಾರಾವಾಹಿ ಬರುತ್ತಿದ್ದವು. ಮೊದಲನೆಯದು ಅಮೆರಿಕದ್ದು, ಎರಡನೆಯದು ಬ್ರಿಟನ್ನಿನದು. ಅಕ್ಕ ಗೋಡೆಗೆ ಬೆನ್ನು ಹಚ್ಚಿ, ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ನನ್ನೊಂದಿಗೆ ಕೂಡುತ್ತಿದ್ದಳು.

ಅಕ್ಕ ಹಬ್ಬಕ್ಕೆಂದು ತವರಿಗೆ ಬಂದವಳು ತಿರುಗಿ ಹೋಗಿರಲಿಲ್ಲ. ಕೆಂಭಾವಿ ಕಡೆಯ ಕಿರಾಣಿ ಅಂಗಡಿಯವರ ಮನೆಗೆ ಕೊಟ್ಟಿದ್ದರು. ಅನುಕೂಲಸ್ಥರು, ಅತ್ತೆಯೂ ಮೈದುನರೂ ಇದ್ದ ತುಂಬಿದ ಮನೆ. ಭಾವ ಕುಡಿಯುವವನಲ್ಲ. ಕೈ ಎತ್ತುವವನೂ ಅಲ್ಲ. ಬಹಳ ನಗಿಸುವವನು. ಮದುವೆಯಲ್ಲಿ ನಮ್ಮ ಕಡೆಯ ಹೆಂಗಸರು ಅವನ ಮಾತು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಅಕ್ಕ ಸಣ್ಣಂದಿನಿಂದಲೂ ಕೇಳಿದ್ದಕ್ಕೆ ತಡೆದು ಉತ್ತರ ಕೊಡುವವಳು. ತೊದಲುತ್ತಿರಲಿಲ್ಲ. ಮಾತು ಪೂರ್ತಿ ಸಿದ್ಧವಾಗುವವರೆಗೆ ಬಾಯಿ ತೆರೆಯುತ್ತಿರಲಿಲ್ಲ, ಅಷ್ಟೇ. ನಮ್ಮ ಮನೆಯಲ್ಲಿ ಅದನ್ನು ಯಾರೂ ಗಮನಿಸಿದ್ದಿಲ್ಲ. ಭಾವ ಮೊದಲ ವಾರದಲ್ಲೇ ಗಮನಿಸಿದ. ಅವಳಿಗೆ ಟ್ರಂಕ್ ಕಾಲ್ ಎಂದು ಹೆಸರಿಟ್ಟ. ಆಗೆಲ್ಲ ಪರ ಊರಿಗೆ ಫೋನ್ ಮಾಡಬೇಕಾದರೆ ಮೊದಲು ಬುಕ್ ಮಾಡಿ, ಲೈನ್ ಸಿಗುವವರೆಗೆ ಕಾಯಬೇಕಿತ್ತಲ್ಲ, ಹಾಗೆ. ಊಟಕ್ಕೆ ಕೂತಾಗ ಅವನು ಸಾರಿಗೆ ಉಪ್ಪು ಹಾಕಿದ್ದೀಯಾ ಎಂದೋ ಏನೋ ಕೇಳುವುದು, ಕೇಳಿದ ಮೇಲೆ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸುವುದು. ಪಂಕ್ತಿಯೆಲ್ಲ ತುತ್ತು ಕೈಯಲ್ಲಿ ಹಿಡಿದು ಅವಳ ಮುಖ ನೋಡುವುದು. ಅವಳು ಕೊನೆಗೆ "ಹೂಂ, ಹಾಕೀನಿ" ಎಂದರೆ ಎಲ್ಲರೂ ಒಟ್ಟಿಗೆ ನಗುವುದು. ಆಮೇಲೆ ಅತ್ತೆಯೂ ಹಾಗೇ ಕರೆಯತೊಡಗಿದರು, ಮೈದುನರ ಮಕ್ಕಳೂ ಕರೆದರು. ಅಂಗಡಿಗೆ ಬರುವ ಗಿರಾಕಿಗಳೂ "ಟ್ರಂಕ್ ಕಾಲ್ ಆರಾಮ ಅದಾಳೇನ್ರಿ?" ಎಂದು ವಿಚಾರಿಸುತ್ತಿದ್ದರಂತೆ.

ಇದನ್ನು ಅವಳು ಅವ್ವನಿಗೆ ಹೇಳಿದಾಗ ನಾನು ಅಲ್ಲೇ ಇದ್ದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಹೊಡದಾನೇನು?"

"ಇಲ್ಲ."

"ಉಪವಾಸ ಕೆಡವ್ಯಾರೇನು?"

"ಇಲ್ಲ."

"ಮತ್ತ? ನಗಸ್ತಾನ. ನಗಸೋ ಗಂಡ ಸಿಗಬೇಕಂತ ಮಂದಿ ಹರಕಿ ಹೊರ್ತಾರವ್ವ."

ಅಕ್ಕನ ತಕರಾರಿಗೆ ನಮ್ಮಲ್ಲಿ ಹೆಸರಿರಲಿಲ್ಲ. ಹೊಡೆತಕ್ಕೆ ಹೆಸರಿದೆ, ಕುಡಿತಕ್ಕೆ ಇದೆ, ಹೊರಗಿನ ಸಂಬಂಧಕ್ಕೆ ಇದೆ. ಇವಳದಕ್ಕೆ ಏನೆನ್ನುವುದು? ಇಂದೋ ನಾಳೆಯೋ ಅವರು ಕರೆಯಲು ಬರುತ್ತಾರೆ, ಅಪ್ಪ ಕಳಿಸುತ್ತಾನೆ ಎಂಬುದು ಇಡೀ ಕ್ಯಾಂಪಿಗೆ ಗೊತ್ತಿತ್ತು. ಅಕ್ಕನಿಗೂ ಗೊತ್ತಿತ್ತು. ಹೊರಗೆ ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ಮೊರದಲ್ಲಿ ಅವಳ ಕೈ ನಿಲ್ಲುತ್ತಿತ್ತು.

ಅವಳಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ನಾನು ಮಾತಿಗೆ ಕಿವಿ ಕೊಡುತ್ತಿದ್ದರೆ ಅವಳು ಮುಖ ನೋಡುತ್ತಿದ್ದಳು. ಮೊದಲ ದಿನವೇ ಕೇಳಿದಳು.

"ನಗೋ ಮಂದಿ ಎಲ್ಲಿ ಕುಂತಾರ?"

"ಅವ್ರು ಕಾಣಂಗಿಲ್ಲಕ್ಕ. ದನಿ ಅಷ್ಟೇ."

ಸ್ವಲ್ಪ ಹೊತ್ತಿನ ನಂತರ ಹೇಳಿದಳು: "ಕಾಣದಿದ್ರ ಚಲೋ."

ಅಮೆರಿಕದವರ ಮನೆಯಲ್ಲಿ ಬೆಳಕು ಬಹಳ. ನಡುವೆ ಒಂದು ದೊಡ್ಡ ಸೋಫಾ, ಅದರ ಸುತ್ತ ಗೆಳೆಯರು. ಯಾರೂ ಬಾಗಿಲು ಬಡಿಯುವುದಿಲ್ಲ, ನೇರ ಒಳಗೆ ಬರುತ್ತಾರೆ. ಒಬ್ಬ ಕುಟುಕಿದರೆ ಇನ್ನೊಬ್ಬಳ ಬಾಯಲ್ಲಿ ಅದಕ್ಕೆ ತಕ್ಕ ಮಾತು ಸಿದ್ಧವಾಗಿರುತ್ತದೆ. ಜಗಳವಾಗುತ್ತದೆ. ಮುಗಿಯುವ ಹೊತ್ತಿಗೆ ಮೆಲ್ಲಗೆ ಸಂಗೀತ ಶುರುವಾಗಿ, ಯಾರೋ ಕ್ಷಮೆ ಕೇಳಿ, ಇಬ್ಬರೂ ಅಪ್ಪಿಕೊಳ್ಳುತ್ತಾರೆ. ಬ್ರಿಟನ್ನಿನವರದು ಇಕ್ಕಟ್ಟಾದ ಮನೆ, ಕಡಿದಾದ ಮೆಟ್ಟಿಲು, ಕಂದು ಬಣ್ಣದ ಗೋಡೆ, ಯಾವಾಗಲೂ ಚಹಾ. ಅಲ್ಲಿ ನಡುವಯಸ್ಸಿನ ಒಬ್ಬ ಗಂಡಸು, ತಾನು ಬಹಳ ದೊಡ್ಡವನೆಂದು ತಿಳಿದವನು. ಅವನು ಏನೋ ಹಂಚಿಕೆ ಹಾಕುತ್ತಾನೆ, ಅದು ಕೆಡುತ್ತದೆ, ಮುಚ್ಚಲು ಹೋಗಿ ಇನ್ನಷ್ಟು ಕೆಡಿಸುತ್ತಾನೆ. ಯಾರೂ ಕ್ಷಮೆ ಕೇಳುವುದಿಲ್ಲ. ಮುಂದಿನ ವಾರ ಅದೇ ಮನೆ, ಅದೇ ಮೆಟ್ಟಿಲು, ಅದೇ ಹೆಂಡತಿ, ಅದೇ ಚಹಾ. ಅವನಿಗೆ ಆ ಮನೆ ಬಿಟ್ಟು ಹೋಗಲು ಆಗುವುದಿಲ್ಲ, ಅಲ್ಲಿ ಇರಲೂ ಆಗುವುದಿಲ್ಲ.

ನನಗೆ ಅಮೆರಿಕದ್ದು ಸೇರುತ್ತಿತ್ತು. ಕೊನೆಗೆ ಎಲ್ಲ ಬಗೆಹರಿದಂತೆ ಅನ್ನಿಸುತ್ತಿತ್ತು. ಎರಡನೆಯದು ನೋಡುವಾಗ ನಡುವೆಯೇ ಎದ್ದು ಹೋಗಿ ನೀರು ಕುಡಿದು ಬರುತ್ತಿದ್ದೆ. ಅಕ್ಕನಿಗೂ ಮೊದಮೊದಲು ಮೊದಲನೆಯದೇ ಸೇರುತ್ತಿತ್ತು. ಅಮೆರಿಕದ ಹುಡುಗಿಯೊಬ್ಬಳು ಎದುರಿನವನಿಗೆ ಪಟ್ಟನೆ ತಿರುಗಿಸಿ ಕೊಟ್ಟಾಗ ಅಕ್ಕನ ತುಟಿ ಅಲುಗುತ್ತಿದ್ದವು, ತಾನೂ ಆ ಮಾತನ್ನು ಆಡಿ ನೋಡುವಂತೆ. ನಂತರ ಒಂದು ದಿನ ಹೇಳಿದಳು.

"ಇವ್ರದು ಸುಳ್ಳು ಅನಸ್ತದ."

"ಯಾಕಕ್ಕ?"

ತೊಗರಿಯಿಂದ ಎರಡು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು.

"ಇಲ್ಲಿ ಎಲ್ಲರ ಪಾಳಿನೂ ಬರ್ತದ. ಇವತ್ತು ಅವನ್ನ ನೋಡಿ ನಗ್ತಾರ, ನಾಳೆ ಇಕಿನ್ನ. ಕಾಲುವಿ ನೀರು ಬಿಟ್ಟಂಗ, ಪಾಳಿ ಹಚ್ಚಿ. ನಮ್ಮನ್ಯಾಗ ದಿನಾ ನನ್ನ ಪಾಳಿನೇ."

"ಮತ್ತ ಆ ಬ್ರಿಟನ್ನಿನಾಂವಂದು?"

"ಅದ್ರಾಗ ದೊಡ್ಡಾಂವನ್ನ ನೋಡಿ ನಗ್ತಾರ. ಮನಿ ಯಜಮಾನನ್ನ. ಅದು ಬ್ಯಾರೆ." ಇನ್ನೂ ಏನೋ ಇದೆಯೆಂದು ನಾನು ಕಾದೆ. "ಕಡೀಕ ಅಪ್ಪಿಕೊಳ್ಳಂಗಿಲ್ಲ. ಅದೂ ಖರೇನೇ."

ಆ ವಾರ ಅವರು ಬಂದರು. ಭಾವ, ಅವನ ಸೋದರಮಾವ. ಯಾದಗಿರಿಯಿಂದ ದೊಡ್ಡಪ್ಪನನ್ನು ಅಪ್ಪ ಮೊದಲೇ ಕರೆಸಿಕೊಂಡಿದ್ದ. ಭಾವ ಬಾಳೆಹಣ್ಣು, ಖಾರದ ತಿನಿಸು ತಂದಿದ್ದ. ಅವ್ವನ ಕಾಲಿಗೆ ಬಿದ್ದ. ನನ್ನನ್ನು ನೋಡಿ, "ಏನ್ರಿ ಟೀಚರಮ್ಮ, ಇಂಗ್ಲಿಷಿನವ್ರು ಇನ್ನಾ ನಿಮ್ಮ ಹತ್ರ ಪಾಠಕ್ಕ ಬರಾಕತ್ತಿಲ್ಲೇನು?" ಎಂದ. ನಗು ಬರುವಂಥ ಮಾತೇ. ಟಿವಿ ಹಚ್ಚಿತ್ತು, ಅವ್ವ ಬಂದು ಆರಿಸಿದಳು.

ಪಡಸಾಲೆಯಲ್ಲಿ ಜಮಖಾನ ಹಾಸಿ ಗಂಡಸರು ಕೂತರು. ಅಕ್ಕನನ್ನು ಒಳಬಾಗಿಲ ಹತ್ತಿರ ಕೂಡಿಸಿದರು. ನಾನು ಅವಳ ಹಿಂದೆ ನಿಂತಿದ್ದೆ, ಗಂಡಸರೆಲ್ಲರ ಮುಖವೂ ಕಾಣುತ್ತಿತ್ತು. ಚಹಾ ಆಯಿತು. ಮಳೆ, ಭತ್ತ, ನೀರು ಬಿಡುವುದು, ಎಲ್ಲ ಮಾತಾಯಿತು. ದೊಡ್ಡಪ್ಪ ನ್ಯಾಯವಂತ. ಹೆಣ್ಣುಮಕ್ಕಳ ಮಾತನ್ನೂ ಕೇಳಬೇಕೆನ್ನುವವನು. ಅವನೇ ಗಂಟಲು ಸರಿಪಡಿಸಿಕೊಂಡ.

"ಹೇಳವ್ವ. ಅಂಜಬ್ಯಾಡ. ನಿನ್ನ ತಕರಾರ ಏನದ, ನಿನ್ನ ಬಾಯ್ಲೆ ಹೇಳು."

ಎಲ್ಲರೂ ಅಕ್ಕನತ್ತ ನೋಡಿದರು. ಅವಳು ತಲೆ ತಗ್ಗಿಸಿರಲಿಲ್ಲ. ದೊಡ್ಡಪ್ಪನ ಮುಖವನ್ನೇ ನೋಡುತ್ತಿದ್ದಳು. ಮಾತು ಸಿದ್ಧವಾಗುತ್ತಿತ್ತು. ಅವಳ ಕತ್ತಿನ ಹಿಂಭಾಗ ಬಿಗಿದದ್ದು ನನಗೆ ಕಂಡಿತು. ಹೇಳುತ್ತಾಳೆ ಎಂದುಕೊಂಡೆ.

ಭಾವ ಜೋರಾಗಿ ಹೇಳಲಿಲ್ಲ. ಬಹಳ ಮೆತ್ತಗೆ, ಬಹಳ ಮರ್ಯಾದೆಯಿಂದ ಹೇಳಿದ.

"ಜರಾ ತಡೀರಿ ಮಾವಾರ. ಇನ್ನಾ ಲೈನ್ ಸಿಕ್ಕಿಲ್ಲ."

ಮೊದಲು ಅವನ ಸೋದರಮಾವ ನಕ್ಕ. ಆಮೇಲೆ ದೊಡ್ಡಪ್ಪ ನಕ್ಕ, ತಡೆಯಲು ನೋಡಿ, ಆಗದೆ. ಕೊನೆಗೆ ಅಪ್ಪ. ಅಪ್ಪ ನಗುವುದೇ ಅಪರೂಪ. ಹೆಗಲ ಮೇಲಿನ ಟವೆಲಿನಿಂದ ಬಾಯಿ ಮುಚ್ಚಿಕೊಂಡ, ಆದರೆ ಭುಜ ಅಲುಗುತ್ತಿದ್ದವು. ಅಷ್ಟು ದಿನದ ಚಿಂತೆ ಒಮ್ಮೆಲೇ ಇಳಿದಿರಬೇಕು. ಗಂಡಸರ ನಗು ತಗಡಿನ ಮಾಡಿಗೆ ಬಡಿದು ದೊಡ್ಡದಾಗಿ ಕೇಳಿಸಿತು. ಅಕ್ಕ ಅಪ್ಪನನ್ನೇ ನೋಡುತ್ತಿದ್ದಳು. ಬಾಯಿಯವರೆಗೆ ಬಂದಿದ್ದ ಮಾತನ್ನು ಅವಳು ನುಂಗಿದಳೋ ಇಲ್ಲವೋ ನನಗೆ ಕಾಣಲಿಲ್ಲ, ಹಿಂದೆ ನಿಂತಿದ್ದೆನಲ್ಲ. ಅವಳ ತಲೆ ಮಾತ್ರ ಅಲುಗಲಿಲ್ಲ.

ಆ ನಗು ಗೋಡೆಯಾಚೆ ಪಕ್ಕದ ಮನೆಗೂ ಕೇಳಿಸಿತ್ತು. ಅಲ್ಲಿ ಸಾಲಿನ ಹೆಂಗಸರು ಆಗಲೇ ಕೂಡಿದ್ದರು. ಪಂಚಾಯ್ತಿ ಕೂತ ಮನೆಯಲ್ಲಿ ಹಿರಿಯರು ಹಾಗೆ ನಕ್ಕರೆಂದರೆ ಮಾತು ಮುಗಿದಂತೆ, ಹುಡುಗಿ ಹೊರಟಂತೆ. ಹಾಗೇ ತಿಳಿದರು. ಯಾರೂ ಅವರನ್ನು ಕರೆದಿರಲಿಲ್ಲ. ನಮ್ಮಲ್ಲಿ ಮಗಳು ಗಂಡನ ಮನೆಗೆ ಹೊರಟಾಗ ಉಡಿ ತುಂಬದೆ ಕಳಿಸುವುದಿಲ್ಲ. ಸೆರಗೊಡ್ಡಿಸಿ ಅದರಲ್ಲಿ ಅಕ್ಕಿ, ಕಾಯಿ, ಅಡಿಕೆ, ರವಿಕೆಗೆಂದು ಕುಬಸದ ಕಣ ಹಾಕುತ್ತಾರೆ. ಉಡಿ ತುಂಬಿಸಿಕೊಂಡವಳು ಆಮೇಲೆ ತವರಲ್ಲಿ ನಿಲ್ಲುವಂತಿಲ್ಲ. ಪಕ್ಕದ ಮನೆಯವರು, ನಾವು ಅಕ್ಕೋರು ಎಂದು ಕರೆಯುತ್ತಿದ್ದವರು, ತಾವೇ ಅಗಲ ತಟ್ಟೆಯಂಥ ಪರಾತದಲ್ಲಿ ಅಕ್ಕಿ, ಕಾಯಿ ತುಂಬಿಕೊಂಡು, ನಾಲ್ವರು ಹೆಂಗಸರನ್ನು ಹಿಂದಿಟ್ಟುಕೊಂಡು ಹಿಂಬಾಗಿಲಿನಿಂದ ಒಳಬಂದರು.

"ಚಲೋ ಆತು ನೋಡವ್ವ. ಹಿಂಗೇ ನಕ್ಕೊಂತ ಇರ್ರಿ ಇಬ್ರೂ," ಎಂದರು ಅಕ್ಕೋರು. "ಎಲ್ಲಿ, ಮಣಿ ಹಾಕ್ರಿ."

ಅವ್ವ ಒಂದು ಗಳಿಗೆ ತಬ್ಬಿಬ್ಬಾದಳು. ಆಮೇಲೆ ಅವಳ ಮುಖ ಬಿಚ್ಚಿತು. ಯಾರೂ ಏನನ್ನೂ ತೀರ್ಮಾನ ಮಾಡಿರಲಿಲ್ಲ, ಆದರೆ ತೀರ್ಮಾನವಾದಂತೆ ಎಲ್ಲ ನಡೆಯತೊಡಗಿತು. ಮಣೆ ಬಂತು. ಅಕ್ಕನನ್ನು ಎಬ್ಬಿಸಿ ಅದರ ಮೇಲೆ ಕೂಡಿಸಿದರು. ಅವಳು ಕೂತಳು. ಕುಂಕುಮ ಹಚ್ಚಿದರು, ಹಚ್ಚಿಸಿಕೊಂಡಳು. ಗಂಡಸರು ಎದ್ದು ನಿಂತು ದಾರಿ ಬಿಟ್ಟರು. ದೊಡ್ಡಪ್ಪ ಗೋಡೆಗೆ ಒರಗಿಸಿದ್ದ ಕೊಡೆ ತೆಗೆದುಕೊಂಡು ಬಸ್ಸಿನ ಹೊತ್ತು ವಿಚಾರಿಸಿದ. ಅವ್ವ ಎರಡೂ ಬೊಗಸೆಯಲ್ಲಿ ಅಕ್ಕಿ ತೆಗೆದು ಅವಳ ಮುಂದೆ ಬಾಗಿದಳು.

"ಸೆರಗ ಒಡ್ಡವ್ವ."

ಅಕ್ಕನ ಕೈ ಮೊಣಕಾಲ ಮೇಲಿದ್ದವು. ಅಲ್ಲೇ ಇದ್ದವು.

"ಒಡ್ಡು ಯವ್ವ, ಕೈ ನೋಯಾಕತ್ತಾವ."

ಅಕ್ಕೋರು ತಾವೇ ಅವಳ ಸೆರಗಿನ ಚುಂಗು ಹಿಡಿದು ಬಿಡಿಸಲು ಹೋದರು. ಅಕ್ಕ ಅವರ ಕೈಯಿಂದ ಅದನ್ನು ಮೆಲ್ಲಗೆ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಡುಗೆಗೆ ನಿಲ್ಲುವಾಗ ಸಿಕ್ಕಿಸುತ್ತಾರಲ್ಲ, ಹಾಗೆ. ಅವ್ವನ ಬೊಗಸೆಯಿಂದ ಒಂದೊಂದೇ ಕಾಳು ನೆಲಕ್ಕೆ ಬೀಳುತ್ತಿತ್ತು.

"ಮತ್ತ ಬುಕ್ ಮಾಡಬೇಕೇನಪ್ಪ ಇದನ್ನ!" ಎಂದ ಭಾವ.

ಸೋದರಮಾವ ನಕ್ಕ. ಅವನೊಬ್ಬನೇ. ತನ್ನ ನಗು ತನಗೇ ಕೇಳಿಸಿ ಅರ್ಧಕ್ಕೆ ನಿಲ್ಲಿಸಿದ.

ಅಕ್ಕ ಗಂಡನ ಕಡೆಗೆ ತಿರುಗಲಿಲ್ಲ. ಅವಳು ಮಾತಾಡುವವರೆಗೆ ಎಷ್ಟು ಹೊತ್ತಾಯಿತೋ ಹೇಳಲಾರೆ. ಆ ಹೊತ್ತಿನಲ್ಲಿ ಯಾರೂ ನಡುವೆ ಬಾಯಿ ಹಾಕಲಿಲ್ಲ ಎಂಬುದು ಮಾತ್ರ ನೆನಪಿದೆ.

"ಅಪ್ಪಾ," ಎಂದಳು. "ನೀನೂ ನಕ್ಕಿ."

ಅಪ್ಪ ಕಂಬ ಹಿಡಿದು ನಿಂತಿದ್ದ. ಟವೆಲ್ ತೆಗೆದು ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಆಮೇಲೆ ದೊಡ್ಡಪ್ಪನಿಗೆ ಹೇಳಿದ, ಭಾವನಿಗಲ್ಲ.

"ಅಣ್ಣಾ, ಅವ್ರಿಗಿ ಊಟಕ್ಕ ಕುಂದರಸು. ಉಂಡು ಹೋಗ್ಲಿ. ಆಕಿ ಬರಂಗಿಲ್ಲ."

"ಏನ್ ಮಾತಂತ ಆಡ್ತೀಯೋ! ಒಂದು ಮಜಾಕಿನ ಮಾತಿಗಿ ಸಂಸಾರ ಮುರೀತಾರೇನು?"

"ಮಜಾಕ್ ನನಗೂ ತಿಳೀತು," ಎಂದ ಅಪ್ಪ. "ತಿಳದ ಮ್ಯಾಲೇ ನಕ್ಕೆ."

ಅವರು ಉಣ್ಣಲಿಲ್ಲ. ಸೋದರಮಾವ ಅಂಗಳದಲ್ಲಿ ಗಟ್ಟಿಯಾಗಿ, ನಾಲ್ಕು ಮನೆಗೆ ಕೇಳುವಂತೆ ಬೈಯುತ್ತ ಹೋದ. ಭಾವ ಬೈಯಲಿಲ್ಲ. ಚಪ್ಪಲಿ ಮೆಟ್ಟುವಾಗ ನನ್ನತ್ತ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಏನಾಯಿತೆಂದು ಅವನಿಗೆ ನಿಜಕ್ಕೂ ತಿಳಿದಿರಲಿಲ್ಲ ಎಂದು ನನಗನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತದೆ. ಅವನು ಕೆಟ್ಟವನಾಗಿದ್ದರೆ ಹೇಳುವುದು ಸುಲಭವಾಗುತ್ತಿತ್ತು.

ಇದನ್ನು ಗೆಲುವು ಎಂದು ಬರೆಯಲಾರೆ. ಮುಂದಿನ ವರ್ಷಗಳನ್ನು ನಾವು ಆ ಎರಡು ಕೋಣೆಗಳಲ್ಲೇ ಕಳೆದೆವು. ನೀರು ತರಲು ಹೋದರೆ ನಲ್ಲಿಯ ಹತ್ತಿರ ಹೆಂಗಸರು ಅಕ್ಕನಿಗೆ ಜಾಗ ಬಿಡುತ್ತಿದ್ದರು, ಅದು ಮರ್ಯಾದೆಯ ಜಾಗವಾಗಿರಲಿಲ್ಲ. ನನ್ನನ್ನು ನೋಡಲು ಬಂದವರು ಮೊದಲು ಅವಳ ವಿಷಯ ಕೇಳುತ್ತಿದ್ದರು. ಅವ್ವ ಮತ್ತು ಅಕ್ಕ ಒಂದೇ ಒಲೆಯ ಮುಂದೆ ಮಾತಿಲ್ಲದೆ ಅಡುಗೆ ಮಾಡುತ್ತಿದ್ದರು. ಸುರಪುರದ ಒಂದು ಹೊಲಿಗೆ ತರಬೇತಿಗೆ ಅಕ್ಕ ಅರ್ಜಿ ಹಾಕಿದ್ದು, ಬಸ್ಸಿನಲ್ಲಿ ಹೋಗಿ ಬರತೊಡಗಿದ್ದು, ಎಲ್ಲ ಬಹಳ ತಡವಾಗಿ. ಆವರೆಗೆ ಮುಂದಿನ ವಾರವೂ ಅದೇ ಮನೆ, ಅದೇ ಗೋಡೆ.

ಅದಕ್ಕೂ ಮೊದಲು ಆ ಪರಾತದ ಪ್ರಶ್ನೆ ಇತ್ತು. ಅಕ್ಕೋರು ಅದನ್ನು ಇಟ್ಟಲ್ಲೇ ಬಿಟ್ಟು ಹೋಗಿದ್ದರು. ಉಡಿಗೆಂದು ತೆಗೆದ ಅಕ್ಕಿ, ಉಡಿಗೆ ಬೀಳಲಿಲ್ಲ. ಅದನ್ನು ಏನು ಮಾಡಬೇಕೆಂದು ಸಾಲಿನ ಯಾವ ಹೆಂಗಸಿಗೂ ಗೊತ್ತಿರಲಿಲ್ಲ. ಗಡಿಗೆಗೆ ಮರಳಿ ಸುರಿಯಬಹುದೇ? ದೇವರಿಗೆ ಕೊಡಬಹುದೇ? ಅಕ್ಕೋರು ತಮ್ಮ ಅತ್ತೆಯನ್ನು ಕೇಳಿ ಬಂದರು. "ಹಿಂಗ ಯಾರೂ ಮಾಡಿದ್ದಿಲ್ಲಂತ, ಅದ್ಕ ಆಕೀಗಿ ಗೊತ್ತಿಲ್ಲಂತ," ಎಂದರು. ಅವ್ವ ಪರಾತಕ್ಕೆ ಬಟ್ಟೆ ಮುಚ್ಚಿ ಟ್ರಂಕಿನ ಮೇಲಿಟ್ಟಳು. ಅದು ಅಲ್ಲೇ ಇತ್ತು. ನಾವು ಅದರ ಪಕ್ಕದಿಂದ ಓಡಾಡುತ್ತಿದ್ದೆವು.

ಒಂದು ದಿನ ಶಾಲೆಯಿಂದ ಬಂದಾಗ ಬಟ್ಟೆ ಮಡಚಿಟ್ಟಿತ್ತು, ಪರಾತ ತೊಳೆದು ಬೋರಲು ಹಾಕಿತ್ತು. ಅಕ್ಕ ಆ ಅಕ್ಕಿಯಿಂದ ಅನ್ನ ಮಾಡಿದ್ದಳು, ಕಾಯಿ ಒಡೆದು ತುರಿದು ಚಟ್ನಿ ಮಾಡಿದ್ದಳು. ಅಪ್ಪ ಡ್ಯೂಟಿಯಿಂದ ಬಂದು ಕೈ ತೊಳೆದು ಕೂತ. ಯಾವ ಅಕ್ಕಿ ಎಂದು ಕೇಳಲಿಲ್ಲ, ಅವನಿಗೆ ಗೊತ್ತಾಗಿತ್ತು. ಬಡಿಸಿದ್ದನ್ನೆಲ್ಲ ಉಂಡು ತಾಟು ಮುಂದಕ್ಕೆ ಸರಿಸಿ ಇನ್ನಷ್ಟು ಹಾಕಿಸಿಕೊಂಡ. ನಾನೂ ಉಂಡೆ, ಅಕ್ಕನೂ ಉಂಡಳು.

ಅವ್ವ ಆ ಅನ್ನ ಮುಟ್ಟದೆ ಮುಂಜಾನೆ ಉಳಿದಿದ್ದ ರೊಟ್ಟಿ ತಿಂದಳು.