ಕೌದಿಯ ಇನ್ನೊಂದು ತುದಿ

ಇವತ್ತು ಗೊರೇಬಾಳದ ಹತ್ತಿರ ಕಾಲುವೆಯ ದಂಡೆಯ ಮೇಲೆ ಸಾಲಾಗಿ ಕೌದಿ ಹರವಿದ್ದರು. ದಸರಾ ಬಂತು.

ನಾನು ಚಿಕ್ಕವಳಿದ್ದಾಗ ಹಬ್ಬಕ್ಕೆ ಮುಂಚೆ ಮನೆಯ ಹಾಸಿಗೆಯೆಲ್ಲ ಇಲ್ಲೇ ಒಗೆಯುತ್ತಿದ್ದೆವು. ಹಳೇ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿ ನೀರು ಕುಡಿದರೆ ಎಮ್ಮೆಗರುವಿನಷ್ಟು ಭಾರ. ಒಂದು ತುದಿ ಅವ್ವ, ಇನ್ನೊಂದು ತುದಿ ನಾನು ಹಿಡಿದು ಹಿಂಡಬೇಕು. ಅವ್ವನ ಕೈ ತಿರುಗಿದ ಕಡೆಗೇ ನಾನೂ ತಿರುವುತ್ತಿದ್ದೆ. ಹನಿ ನೀರೂ ಇಳಿಯುತ್ತಿರಲಿಲ್ಲ.

“ನಾ ಆ ಕಡಿ ತಿರುವಿದ್ರ ನೀ ಈ ಕಡಿ ತಿರುವಬೇಕು ಬೇ. ಮೆಲ್ಲಕ ಹಿಂಡು, ಅದ್ರಾಗ ನಿಮ್ಮಜ್ಜಿ ಸೀರಿ ಐತಿ.”

ಬಿಸಿಲಿಗೆ ಒಣಗಿದ ಕೌದಿಯ ಮೇಲೆ ಬಿದ್ದುಕೊಂಡು ಇಬ್ಬರೂ ಸೀತಾಫಲ ತಿನ್ನುತ್ತಿದ್ದೆವು. ಬೀಜವೆಲ್ಲ ಕಾಲುವೆಗೆ.

ಇವತ್ತು ಮನೆಗೆ ಬಂದವಳೇ ಮಾಳಿಗೆಯ ಮೇಲೆ ನನ್ನ ಕೌದಿ ಒಗೆದೆ. ಒಂದು ತುದಿಯನ್ನು ಕಂಬಕ್ಕೆ ಕಟ್ಟಿ ಒಬ್ಬಳೇ ಹಿಂಡಿದೆ. ನೀರೇನೋ ಇಳಿಯಿತು.

‘ಮೆಲ್ಲಕ, ಅದ್ರಾಗ ಅವ್ವನ ಸೀರಿ ಐತಿ’ ಎಂದು ನನಗೆ ನಾನೇ ಹೇಳಿಕೊಂಡೆ.