ಹೇಮಗುಡ್ಡದ ಹದ್ದಿಗೆ ಕೊಟ್ಟ ಪ್ಲೇಟು

ಆಗ ಯುದ್ಧದ ಕಾಲ. ಗಂಗಾವತಿಯಲ್ಲಿ ನಮ್ಮದೊಂದು ಫೋಟೋ ಅಂಗಡಿ. ಹೈದರಾಬಾದಿನಿಂದ ಬರುತ್ತಿದ್ದ, ಒಂದಕ್ಕೆ ಒಂದೇ ಫೋಟೋ ಮೂಡುವ ಗಾಜಿನ ಪ್ಲೇಟುಗಳು ನಿಂತುಹೋಗಿ, ಡಬ್ಬಿಯಲ್ಲಿ ಒಂದೇ ಒಂದು ಉಳಿದಿತ್ತು. ಅದನ್ನು ತಹಸೀಲ್ದಾರರ ಮಗಳ ಮದುವೆಗೆಂದು ಎತ್ತಿಟ್ಟಿದ್ದೆ. ಆ ಮನೆಯ ಫೋಟೋ ತಪ್ಪಿದರೆ ಅಂಗಡಿಗೆ ಬೀಗವೇ ಗತಿ. ಅಂಥ ಪ್ಲೇಟನ್ನು ಕ್ಯಾಮರಾಕ್ಕೆ ಹಾಕಿಕೊಂಡು ನನ್ನ ಗಂಡ ಹೇಮಗುಡ್ಡಕ್ಕೆ ಹೊರಟರು, ಹಾರುವ ಹದ್ದಿನ ಫೋಟೋ ತೆಗೆಯಲು.

ನನಗೆ ಮೈಯೆಲ್ಲ ಉರಿಯಿತು. ವರ್ಷದಿಂದ ಇದೇ ಹುಚ್ಚು. ಅಂಗಡಿಯಲ್ಲಿ ತೆಗೆದ ಫೋಟೋಗಳಲ್ಲಿ ಮುಖಗಳು ಮಬ್ಬಾಗಿ ಬರುತ್ತಿದ್ದವು, ಜನ ಬೈದು ಹೋಗುತ್ತಿದ್ದರು. ಕತ್ತಲೆ ಕೋಣೆಯಲ್ಲಿ ಪ್ಲೇಟು ತೊಳೆದು ಫೋಟೋ ಮೂಡಿಸುವ ಕೆಲಸವನ್ನೂ ನನ್ನ ತಲೆಗೆ ಕಟ್ಟಿದ್ದರು. ತಾವು ಮಾತ್ರ ನವಾಬರ ಹಾಗೆ ಗುಡ್ಡದ ಮೇಲೆ ಹಕ್ಕಿ ನೋಡುತ್ತ ಕೂರುವುದು.

“ಆ ಹದ್ದೇನ ನಿಮಗ ರೊಟ್ಟಿ ಬಡಿದು ಹಾಕತೈತೇನ್ರಿ?” ಎಂದೆ.

“ನೀನೂ ಬಾ. ಇದೊಂದ ಸಲ,” ಎಂದರು.

ಬೈಯುತ್ತಲೇ ಗಾಡಿ ಹತ್ತಿದೆ. ಗುಡ್ಡದಲ್ಲಿ ದುರ್ಗಮ್ಮನಿಗೆ ಕೈಮುಗಿದು ಬಂಡೆಗಳ ಮೇಲೆ ಹತ್ತಿದೆವು. ಉರಿಬಿಸಿಲು, ಆಕಾಶ ಕಣ್ಣು ಕುಕ್ಕುವಷ್ಟು ಬೆಳ್ಳಗಿತ್ತು. ಅಂಥ ಆಕಾಶದಲ್ಲಿ ಹಾರುವ ಹದ್ದು ಫೋಟೋದಲ್ಲಿ ಬರೀ ಮಸಿಯ ತುಂಡಾಗುತ್ತದೆ. ಹಾಗಾಗದೆ ಹೊಟ್ಟೆಯ ಮೇಲಿನ ಕಂದು ಗೀರುಗಳು ಕಾಣಬೇಕೆಂದು ಅವರ ಹಟ. ಫೋಟೋದಲ್ಲಿ ಆಕಾಶ ಕೆಟ್ಟರೆ ಕೆಡಲಿ ಎಂದು ಬೆಳಕು ಹೆಚ್ಚು ಬರುವಂತೆ ಕ್ಯಾಮರಾ ಹೊಂದಿಸಿದರು.

ಹದ್ದನ್ನು ನನಗಿಂತ ಮೊದಲು ಅವರೇ ಕಂಡರು. ಕ್ಯಾಮರಾದ ಮೇಲಿನ ತಂತಿಯ ಚೌಕಟ್ಟಿನೊಳಗೆ ಹಿಡಿದು, ಅದರ ಜೊತೆಗೇ ಮೈ ತಿರುಗಿಸುತ್ತ ಹೋಗಿ ಒತ್ತಿದರು.

“ಇನ್ನೊಮ್ಮೆ ಇದು ಆಗಂಗಿಲ್ಲ,” ಎಂದರು. ಪ್ಲೇಟು ಮುಗಿದದ್ದಕ್ಕೆ ಹೇಳುತ್ತಾರೆ ಅಂದುಕೊಂಡೆ.

ಮರುದಿನ ತೊಳೆದ ಪ್ಲೇಟು ಒಣಗಿತು. ಪ್ಲೇಟಿನಲ್ಲಿ ಎಲ್ಲವೂ ತಿರುವುಮುರುವು: ಬೆಳ್ಳನೆಯ ಆಕಾಶ ಕರ್ರಗೆ, ಹದ್ದು ತಿಳಿಯಾಗಿ ಬಂದಿತ್ತು. ಬಲಮೂಲೆಯಲ್ಲಿ, ಇನ್ನೇನು ಅಂಚು ದಾಟಿಬಿಡುತ್ತಿತ್ತು. ಆದರೆ ಒಂದೊಂದು ಗರಿ, ಒಂದೊಂದು ಗೀರು ಸ್ಪಷ್ಟ. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಓಡಿಹೋಗಿ ಅವರ ಕೈಗಿತ್ತೆ. ಬಾಗಿಲಲ್ಲಿ ನಿಂತು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಗರಿ ಸೈತ ಬಂದಾವ ನೋಡು,” ಎಂದು ಪ್ಲೇಟಿನ ನಟ್ಟನಡುವೆ ಬೆರಳಿಟ್ಟರು.

ಅಲ್ಲಿ ಬರೀ ಆಕಾಶವಿತ್ತು. ಫೋಟೋದವರು ಪ್ಲೇಟಿನ ಅಂಚನ್ನಷ್ಟೇ ಹಿಡಿಯುತ್ತಾರೆ, ಮೈಗೆ ಬೆರಳು ತಾಗಿಸುವುದಿಲ್ಲ. ಇವರು ತಡಕಾಡುತ್ತಿದ್ದರು. ಬೆರಳು ಹಿಡಿದು ಮೂಲೆಗೆ ಸರಿಸಿದೆ.

“ಇಲ್ಲೈತ್ರಿ.”

ಅವರು ಹೊಸ್ತಿಲ ಮೇಲೆ ಕುಸಿದು ಕುಳಿತರು. “ಮಂದಿ ಮಾರಿ ಕಾಣಂಗಿಲ್ಲ. ಮನಿಯಾಗ ಏನೂ ಕಾಣಂಗಿಲ್ಲ. ಬೆಳ್ಳನ್ನ ಮುಗಿಲಾಗ ಕರ್ರಗ ಹಾರೂದಷ್ಟ ಕಾಣತಿತ್ತು. ಅದಕ್ಕ ಗುಡ್ಡಕ್ಕ ಹೋಗತಿದ್ದೆ. ನಿನ್ನೆ ಅದೂ ಅರ್ಧ ಕಂಡಿತು.”

“ನನಗರ ಯಾಕ ಹೇಳಲಿಲ್ಲ?”

“ಹೇಳಿದ್ರ ಖರೇ ಆಕ್ಕೈತಿ ಅಂತ ಅಂಜಿದೆ.”

ಮದುವೆಯ ಮನೆಗೆ ಏನು ಹೇಳುವುದು, ಮುಂದೆ ಹೇಗೆ ಬದುಕುವುದು, ಒಂದೂ ತೋಚಲಿಲ್ಲ. ವರ್ಷವಿಡೀ ಬೈದದ್ದೆಲ್ಲ ನೆನಪಾಯಿತು. ಅವರು ನನ್ನ ಕಡೆ ಮುಖ ಮಾಡಿದರು, ಆದರೆ ನಾನು ನಿಂತದ್ದಕ್ಕಿಂತ ತುಸು ಆಚೆಗೆ. ನನ್ನ ಮುಖ ಕಾಣದೆ ಎಷ್ಟು ದಿನವಾಯಿತು ಎಂದು ಕೇಳಬೇಕೆನಿಸಿತು. ಕೇಳದೆ, ಅವರು ಮುಖ ಮಾಡಿದ ಕಡೆಗೆ ಸರಿದು ನಿಂತೆ.